ದಿನಕ್ಕೆ ಹತ್ತೇ ನಿಮಿಷ ಸಿಕ್ಕರೆ ಏನು ಮಾಡೋದು: ನಡಿಗೆಯೋ, ಸೂರ್ಯನಮಸ್ಕಾರವೋ, ಬಸ್ಕಿಯೋ, ಉಸಿರಾಟವೋ?

ಕಾರವಾರದಿಂದ ಬೆಳಗಿನ ರೈಲು ಹಿಡಿದು ಗೋವಾಕ್ಕೆ ಕೆಲಸಕ್ಕೆ ಹೋಗುವವರಿದ್ದಾರೆ. ಕೈಗಾ ಶಿಫ್ಟಿನ ಬಸ್ಸಿಗೆ ಓಡುವವರಿದ್ದಾರೆ. ಶಿರಸಿ ಕಡೆ ಕೊಟ್ಟಿಗೆ, ತಿಂಡಿ, ಮಕ್ಕಳ ಡಬ್ಬಿ ಎಲ್ಲಾ ಮುಗಿಸಿ ಹತ್ತು ಗಂಟೆಯೊಳಗೆ ಪೇಟೆಯ ಆಫೀಸಿನಲ್ಲಿ ಕೂರುವವರಿದ್ದಾರೆ. ಇವರಿಗೆಲ್ಲ ‘ದಿನಾ ಒಂದು ತಾಸು ವ್ಯಾಯಾಮ ಮಾಡಿ’ ಅಂದರೆ ಸುಮ್ನೆ ತಲೆ ಅಲ್ಲಾಡಿಸಿ ಹೋಗುತ್ತಾರೆ, ಯಾಕೆಂದರೆ ಆ ಒಂದು ತಾಸು ಅವರ ಹತ್ತಿರ ಇಲ್ಲವೇ ಇಲ್ಲ. ಇರುವುದು ಹತ್ತು ನಿಮಿಷ. ಕೆಲವು ದಿನ ಅದೂ ಐದೈದರ ಎರಡು ತುಂಡು.

ಆ ಹತ್ತು ನಿಮಿಷವನ್ನು ಯಾವುದಕ್ಕೆ ಕೊಡಬೇಕು ಅನ್ನುವುದನ್ನು ಇಲ್ಲಿ ನೋಡೋಣ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ ಅಂತ ನಾನು ಹೇಳುವುದಿಲ್ಲ. ಐದು ಅಭ್ಯಾಸ ಒಟ್ಟಿಗೆ ಶುರು ಮಾಡಿದವರಲ್ಲಿ ಒಂದನ್ನಾದರೂ ಉಳಿಸಿಕೊಂಡವರನ್ನು ನಾನು ನೋಡಿದ್ದು ಕಡಿಮೆ.

ಮೊದಲು ಒಂದು ಸಮಾಧಾನದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಅದರ ಜೊತೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವಂಥ ವ್ಯಾಯಾಮ. 2010ರ ಸೂಚನೆಯಲ್ಲಿ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅಂತ ಇತ್ತು. 2020ರಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ಅಂದರೆ ಎರಡು ನಿಮಿಷ ಮೆಟ್ಟಿಲು ಹತ್ತಿದರೂ ಅದು ಲೆಕ್ಕಕ್ಕೆ ಬರುತ್ತದೆ. ದಿನಾ ಹತ್ತು ನಿಮಿಷ ಅಂದರೆ ವಾರಕ್ಕೆ 70. ಹೇಳಿದ್ದರಲ್ಲಿ ಅರ್ಧವೂ ಆಗಲಿಲ್ಲ, ನಿಜ. ಆದರೆ ಏನೂ ಮಾಡದವರು ಸ್ವಲ್ಪ ಮಾಡಲು ಶುರು ಮಾಡಿದಾಗಲೇ ಜಾಸ್ತಿ ಲಾಭ ಸಿಗುವುದು. ಆಗಲೇ ತುಂಬಾ ಮಾಡುವವರು ಇನ್ನೂ ಸ್ವಲ್ಪ ಸೇರಿಸಿದರೆ ಸಿಗುವ ಲಾಭ ಅಷ್ಟಿಲ್ಲ.

ಇನ್ನು ಆಯ್ಕೆಯ ಮಾತು. ಯಾವುದು ಎಲ್ಲಕ್ಕಿಂತ ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ದಿನದಲ್ಲಿ ಏನು ಇಲ್ಲವೋ ಅದನ್ನು ಆರಿಸಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಬಗ್ಗಿ ಕೂತು ಅಡಿಕೆ ಸುಲಿಯುವ ಹೆಂಗಸಿಗೆ ಬೇಕಾದ್ದೇ ಬೇರೆ, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಬೇಕಾದ್ದೇ ಬೇರೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವ ಅಕ್ಕನಿಗೆ ಯಾರಾದರೂ ‘ವಾಕಿಂಗ್ ಮಾಡಿ’ ಅಂದರೆ ಆ ಸಲಹೆಗೆ ಏನು ಅರ್ಥ? ಅವಳಿಗೆ ಬೇಕಾದ್ದು ಬೆನ್ನು ನೆಲಕ್ಕೆ ಹಾಕಿ ಹತ್ತು ನಿಮಿಷ ಮಲಗಿ ನಿಧಾನವಾಗಿ ಉಸಿರಾಡುವ ಅವಕಾಶ. ಅದು ಅವಳಿಗೆ ಸಿಗುತ್ತಿಲ್ಲ ಅನ್ನುವುದೇ ನನಗೆ ಬೇಸರದ ವಿಷಯ.

ಊಟ ಆದ ಮೇಲಿನ ನಡಿಗೆ

ಕೂತು ಕೆಲಸ ಮಾಡುವವರು ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಬೆಳಗಿನ ವಾಕಿಂಗ್ ಅಲ್ಲ, ಊಟ ಆದ ಮೇಲಿನ ನಡಿಗೆ. ಅದರಲ್ಲೂ ರಾತ್ರಿ ಊಟದ ಮೇಲಿನದು.

ಕಾರಣ ಸರಳ. ಊಟ ಮಾಡಿದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಹೊತ್ತಿಗೆ ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತಿದ್ದರೆ ಅವು ಆ ಸಕ್ಕರೆಯನ್ನು ಎಳೆದುಕೊಂಡು ಖರ್ಚು ಮಾಡುತ್ತವೆ, ಅದಕ್ಕೆ ಇನ್ಸುಲಿನ್ ಕೂಡ ಅಷ್ಟು ಬೇಡ. ಕೂತೇ ಇದ್ದರೆ ಅಥವಾ ಮಲಗಿಬಿಟ್ಟರೆ ಆ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. 2013ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಹಿರಿಯರ ಮೇಲೆ ಒಂದು ಸಣ್ಣ ಅಧ್ಯಯನ ನಡೆಯಿತು. ಮೂರು ಹೊತ್ತು ಊಟದ ಮೇಲೆ 15 ನಿಮಿಷ ನಡೆದಾಗ ಸಿಕ್ಕ ಫಲ, ಬೆಳಿಗ್ಗೆ ಒಂದೇ ಸಲ 45 ನಿಮಿಷ ನಡೆದಾಗ ಸಿಕ್ಕಿದ್ದಕ್ಕೆ ಕಡಿಮೆ ಇರಲಿಲ್ಲ. ರಾತ್ರಿ ಊಟದ ನಂತರದ ಸಕ್ಕರೆಯ ವಿಷಯದಲ್ಲಂತೂ ತುಂಡು ನಡಿಗೆಯೇ ಮೇಲಾಯಿತು.

ನಮ್ಮ ಜಿಲ್ಲೆಯ ಊಟ ನೋಡಿ. ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಘಟ್ಟದ ಮೇಲೆ ಅನ್ನ, ತಂಬುಳಿ, ಕೊನೆಗೆ ಅಪ್ಪೆಹುಳಿ. ಅಪ್ಪೆಹುಳಿ ಕುಡಿದರೆ ಕಣ್ಣು ಎಳೆಯುತ್ತದೆ ಅಂತ ನಾವೇ ಹೇಳುತ್ತೇವೆ, ಅಲ್ವಾ? ಎರಡೂ ಕಡೆ ತಟ್ಟೆಯಲ್ಲಿ ಅನ್ನವೇ ಮುಖ್ಯ, ಊಟ ಆದ ಕೂಡಲೇ ಒಂದೋ ಕವಳ, ಇಲ್ಲ ಟಿವಿ, ಇಲ್ಲ ಹಾಸಿಗೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅಂದಾಜು ಮಾಡಿತು. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಇರುವ ಮನೆಯವರು ಬೇರೆ ಯಾವುದನ್ನೂ ಯೋಚಿಸದೆ ಈ ನಡಿಗೆಯನ್ನೇ ಆರಿಸಿಕೊಳ್ಳಬಹುದು.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಬೇಜಾರು ಬೇಡ. ಆ ಲೆಕ್ಕ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ, ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವು ಕಡಿಮೆ ಇತ್ತು, 7,500ರ ಹತ್ತಿರ ಬಂದ ಮೇಲೆ ಇನ್ನೂ ಹೆಚ್ಚಿಗೆ ಲಾಭ ಕಾಣಲಿಲ್ಲ.

ಕಾರವಾರದವರಿಗೆ ಇನ್ನೊಂದು ಅನುಕೂಲ ಇದೆ, ಟಾಗೋರ್ ಕಡಲತೀರ. ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲದಲ್ಲಿ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಬೇಕು. ಹಾಗಾಗಿ ಸಮಯ ಕಡಿಮೆ ಇದ್ದು ಮಂಡಿ ಚೆನ್ನಾಗಿದ್ದರೆ ಒಣ ಮರಳಿನಲ್ಲಿ ನಡೆಯಿರಿ. ಮಂಡಿ ನೋವಿದ್ದವರು ನೀರಿನ ಅಂಚಿನ ಗಟ್ಟಿ ಮರಳಿಗೆ ಹೋಗಿ, ಆದರೆ ಅಲ್ಲಿ ನೆಲ ಕಡಲಿನ ಕಡೆ ಇಳಿಜಾರು. ಒಂದೇ ಕಡೆಗೆ ದೂರ ಹೋಗಿ ರಸ್ತೆ ಮೇಲೆ ವಾಪಸ್ ಬರುವ ಬದಲು ಹೋದ ದಾರಿಯಲ್ಲೇ ಬನ್ನಿ, ಎರಡೂ ಕಾಲಿಗೆ ಸಮ ಆಗುತ್ತದೆ.

ನಡಿಗೆಯ ದೊಡ್ಡ ತೊಂದರೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸಂಜೆ ಹೊರಗೆ ಹೋಗುವುದು ನಮ್ಮ ಕೈಯಲ್ಲಿಲ್ಲ. ಘಟ್ಟದ ಮೇಲೆ ಮಳೆಯ ಜೊತೆ ಉಂಬಳವೂ ಇದೆ, ಕತ್ತಲಲ್ಲಿ ತೋಟದ ದಾರಿಯಲ್ಲಿ ಹಾವಿನ ಭಯವೂ ಇದೆ. ಹಾಗಾಗಿ ನಡಿಗೆ ಆರಿಸುವ ಮೊದಲೇ ಮಳೆಗಾಲದ ಜಾಗ ನಿಶ್ಚಯ ಮಾಡಿಕೊಳ್ಳಿ. ಉದ್ದ ಜಗಲಿ ಇರುವ ಮನೆಯವರಿಗೆ ಚಿಂತೆಯೇ ಇಲ್ಲ. ಅಪಾರ್ಟ್‌ಮೆಂಟಿನವರಿಗೆ ಮೆಟ್ಟಿಲು ಇದೆ, ಇಲ್ಲದಿದ್ದರೆ ಅಡುಗೆಮನೆಯಿಂದ ಬಾಗಿಲವರೆಗೆ ಓಡಾಡುತ್ತಾ ಊರಿಗೆ ಫೋನ್ ಮಾಡಬಹುದು. ನೋಡಲು ಚಂದ ಇಲ್ಲದಿರಬಹುದು, ಕಾಲಿನ ಸ್ನಾಯುಗಳಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ.

ಸೂರ್ಯನಮಸ್ಕಾರ

ಬೆನ್ನು, ಭುಜ, ಸೊಂಟ ಎಲ್ಲಾ ಹಿಡಿದುಕೊಂಡವರಿಗೆ ಇದು ನಡಿಗೆಗಿಂತ ಒಳ್ಳೆಯ ಆಯ್ಕೆ. ಹನ್ನೆರಡು ಹಂತಗಳಲ್ಲಿ ದೇಹ ಮುಂದೆ ಬಗ್ಗುತ್ತದೆ, ಹಿಂದೆ ಬಾಗುತ್ತದೆ, ಕೈಯ ಮೇಲೆ ಭಾರ ಬೀಳುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಗೂನು ಬೆನ್ನು ಮಾಡಿ ಕೂತವರಿಗೆ ಈ ಹಿಂದೆ ಬಾಗುವುದು ಬೇರೆ ಎಲ್ಲೂ ಸಿಗುವುದಿಲ್ಲ. ನಿಧಾನಕ್ಕೆ ಮಾಡಿದರೆ ಒಂದಕ್ಕೆ ಹೆಚ್ಚು ಕಡಿಮೆ ಒಂದು ನಿಮಿಷ. ಆರು ಮಾಡಿ ಎರಡು ನಿಮಿಷ ಅಂಗಾತ ಮಲಗಿದರೂ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂದು ಚಾಪೆಯ ಜಾಗ ಸಾಕು. ಮಳೆ ಎಷ್ಟೇ ಹೊಡೆಯಲಿ, ಇದಕ್ಕೆ ತೊಂದರೆ ಇಲ್ಲ. ಅಂತಾರಾಷ್ಟ್ರೀಯ ಯೋಗ ದಿನ ಬರುವುದೇ ಜೂನ್ 21ಕ್ಕೆ, ನಮ್ಮಲ್ಲಿ ಆಗ ಮಳೆ ಜೋರಾಗಿರುತ್ತದೆ, ಮನೆಯೊಳಗಿನ ಅಭ್ಯಾಸ ಶುರು ಮಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಆದರೆ ಹೊಟ್ಟೆ ಖಾಲಿ ಇರಬೇಕು. ಊಟ ಆಗಿ ಮೂರು ನಾಲ್ಕು ತಾಸು ಕಳೆದಿರಬೇಕು. ಹಾಗಾದರೆ ಹೆಚ್ಚಿನವರಿಗೆ ಉಳಿಯುವುದು ಬೆಳಗಿನ ಹೊತ್ತು ಮಾತ್ರ, ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ಗಡಿಬಿಡಿಯ ಹೊತ್ತೂ ಅದೇ. ಬೆಳಿಗ್ಗೆ ನಿಮಗೆ ನಿಜವಾಗಿ ಹತ್ತು ನಿಮಿಷ ಇದೆಯಾ ಅಂತ ಪ್ರಾಮಾಣಿಕವಾಗಿ ಯೋಚಿಸಿ. ಇಲ್ಲ ಅಂತಾದರೆ ಇದನ್ನು ಬಿಡಿ, ಅಥವಾ ಸಂಜೆ ಕೆಲಸದಿಂದ ಬಂದ ಕೂಡಲೇ, ಚಹಾ-ತಿಂಡಿಗೆ ಕೂರುವ ಮುಂಚೆ ಮಾಡಿ. ಕರಾವಳಿಯಲ್ಲಿ ಮಾರ್ಚ್‌ನಿಂದ ಮೇ ತನಕ ಬಿಸಿಲು ಏರಿದ ಮೇಲೆ ಬೆವರು ಕಿತ್ತುಕೊಂಡು ಬರುತ್ತದೆ, ಆಗ ಏಳರೊಳಗೆ ಮುಗಿಸಿದರೆ ಸುಖ. ಶಿರಸಿಯ ಡಿಸೆಂಬರ್ ಚಳಿಯಲ್ಲಿ ಎದ್ದ ಕೂಡಲೇ ಬಗ್ಗಬೇಡಿ, ಎರಡು ನಿಮಿಷ ಮನೆಯೊಳಗೆ ಓಡಾಡಿ ಮೈ ಬೆಚ್ಚಗಾದ ಮೇಲೆ ಶುರು ಮಾಡಿ.

ಮಣಿಕಟ್ಟು ಅಥವಾ ಸೊಂಟದ ನೋವು ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಬಸುರಿಯರು ಇದನ್ನು ಮೊಬೈಲ್ ನೋಡಿ ಕಲಿಯಬಾರದು. ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗಾಗುವ ಭಂಗಿಗಳಲ್ಲಿ ಕಣ್ಣಿನ ಒತ್ತಡ ಏರುತ್ತದೆ, ಅವರು ಕಣ್ಣಿನ ಡಾಕ್ಟರನ್ನು ಕೇಳದೆ ಮಾಡುವುದೇ ಬೇಡ.

ಬಸ್ಕಿ, ಗೋಡೆ, ಕುರ್ಚಿ

ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡಿ ಅನ್ನುವ ಸಲಹೆ ಮೇಲೆ ಹೇಳಿದೆನಲ್ಲ, ಅದನ್ನು ನಮ್ಮಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ವಾಕಿಂಗ್ ಮಾಡ್ತೇನಲ್ಲ, ಸಾಕು ಅಂತಾರೆ. ಸಾಕಾಗುವುದಿಲ್ಲ. ನಡುವಯಸ್ಸಿನಿಂದ ಸ್ನಾಯುಗಳು ನಿಧಾನವಾಗಿ ಕರಗುತ್ತಾ ಹೋಗುತ್ತವೆ, ನಡಿಗೆ ಒಂದರಿಂದಲೇ ಅದನ್ನು ತಡೆಯಲು ಆಗುವುದಿಲ್ಲ. ಅರವತ್ತರ ನಂತರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಒಬ್ಬರಾದರೂ ಪ್ರತಿ ಬಂಧುಬಳಗದಲ್ಲೂ ಇದ್ದಾರೆ. ಬೀಳುವಾಗ ಸಾವರಿಸಿಕೊಳ್ಳುವ ಶಕ್ತಿ ತೊಡೆಯಲ್ಲಿ ಇರಬೇಕು. ಆ ಶಕ್ತಿಯನ್ನು ನಲವತ್ತರಲ್ಲೇ ಕಟ್ಟಿಟ್ಟುಕೊಳ್ಳಬೇಕು, ಅರವತ್ತರಲ್ಲಿ ಶುರು ಮಾಡಿದರೂ ಬರುತ್ತದೆ.

ನಿಮ್ಮನ್ನೇ ಪರೀಕ್ಷೆ ಮಾಡಿಕೊಳ್ಳಿ. ನೆಲದ ಮೇಲೆ ಮಣೆಯಲ್ಲಿ ಕೂತು ಊಟ ಮಾಡಿದ ಮೇಲೆ ಕೈ ಊರದೆ ಏಳಲು ಆಗುತ್ತದಾ? ಆಗದಿದ್ದರೆ ನಿಮ್ಮ ಹತ್ತು ನಿಮಿಷ ಇಲ್ಲಿಗೇ ಸೇರಬೇಕು.

ಮಾಡುವುದು ಇಷ್ಟೇ. ಕುರ್ಚಿಯಿಂದ ಕೈ ಹಿಡಿಯದೆ ಎದ್ದು ಮತ್ತೆ ನಿಧಾನವಾಗಿ ಕೂರುವುದು, ಹತ್ತು ಸಲ. ಅದು ಸುಲಭ ಅನಿಸಿದ ದಿನ ಕುರ್ಚಿ ಬಿಟ್ಟು ಬಸ್ಕಿ. ಗೋಡೆಗೆ ಎರಡೂ ಕೈ ಇಟ್ಟು ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ತಳ್ಳುವುದು, ಹತ್ತು ಸಲ. ಅದು ಸುಲಭ ಆದರೆ ಅಡುಗೆ ಕಟ್ಟೆ, ಆಮೇಲೆ ನೆಲ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯುವುದು, ಹದಿನೈದು ಸಲ. ಈ ಮೂರನ್ನು ಎರಡು ಸುತ್ತು ಮಾಡಿದರೆ ಹತ್ತು ನಿಮಿಷ ಸಾಕು. ಕೊನೆಯ ಎರಡು ಸಲ ಕಷ್ಟ ಆಗಬೇಕು, ಹಾಗಾದರೇ ಪ್ರಯೋಜನ. ಮಾಡುವಾಗ ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಏರುತ್ತದೆ.

ಸಮಯದ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ ಇದೇ, ಯಾಕೆಂದರೆ ದಿನಾ ಮಾಡಬೇಕಾಗಿಲ್ಲ, ಮಾಡಲೂಬಾರದು, ಸ್ನಾಯುಗಳಿಗೆ ಮಧ್ಯೆ ಒಂದು ದಿನ ಬಿಡುವು ಬೇಕು. ವಾರದಲ್ಲಿ ಎರಡು ಮೂರು ದಿನ ಅಂದರೆ ಒಟ್ಟು ಅರ್ಧ ತಾಸು. ಬಟ್ಟೆ ಬದಲಿಸುವುದು ಬೇಡ, ಚಾಪೆ ಬೇಡ. ಕಷಾಯಕ್ಕೆ ನೀರು ಕುದಿಯುವ ಹೊತ್ತಿನಲ್ಲಿ ಅರ್ಧ ಮುಗಿದಿರುತ್ತದೆ.

ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತರುವವರಿಗೆ, ತೋಟಕ್ಕೆ ಗೊಬ್ಬರ ಹೊರುವವರಿಗೆ ಇದು ಬೇಕಾಗಿಲ್ಲ. ಅವರ ಕೆಲಸವೇ ಇದು. ಆದರೆ ಅದೇ ಮನೆಯಲ್ಲಿ ಬೈಕಿನಲ್ಲೇ ತೋಟಕ್ಕೆ ಹೋಗಿ ಬರುವ ಮಗನಿಗೆ ಖಂಡಿತ ಬೇಕು. ‘ನಮ್ಮದು ಕೃಷಿ ಮನೆತನ, ವ್ಯಾಯಾಮ ಯಾಕೆ’ ಅನ್ನುವ ಮಾತು ಅಜ್ಜನಿಗೆ ಸರಿ ಇತ್ತು. ಇನ್ನು ಹೆಂಗಸರು ಬಸ್ಕಿ ಹೊಡೆದರೆ ಗಂಡಸರ ಹಾಗೆ ತೋಳು ಬರುತ್ತದೆ ಅನ್ನುವ ಹೆದರಿಕೆಯನ್ನು ಬಿಟ್ಟುಬಿಡಿ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಬಲದ ವ್ಯಾಯಾಮ ಗಂಡಸರಿಗಿಂತ ಅವರಿಗೇ ಜಾಸ್ತಿ ಬೇಕು.

ಉಸಿರಾಟ

ಮೈ ಸಾಕಷ್ಟು ದುಡಿಯುತ್ತದೆ, ಆದರೆ ತಲೆ ಮಾತ್ರ ನಿಲ್ಲುವುದಿಲ್ಲ ಅನ್ನುವವರಿಗೆ ಇದು. ಆಸ್ಪತ್ರೆಯ ನರ್ಸ್‌ಗಳು, ಪೊಲೀಸರು, ಪರೀಕ್ಷೆಯ ಹೊತ್ತಿನ ಮಾಸ್ತರರು, ಮೇಲೆ ಹೇಳಿದ ಮೀನು ಮಾರುವ ಅಕ್ಕ.

ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಒಂದು ಉಸಿರಿಗೆ ಹತ್ತು ಸೆಕೆಂಡ್, ನಿಮಿಷಕ್ಕೆ ಆರು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಆರಕ್ಕೆ ಇಳಿಸಿದಾಗ ಎದೆಬಡಿತ ಮತ್ತು ರಕ್ತದೊತ್ತಡವನ್ನು ಸಮ ಮಾಡುವ ದೇಹದ ವ್ಯವಸ್ಥೆ ಚುರುಕಾಗುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಂದ ಲ್ಯಾಟಿನ್‌ನಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳಿಸಿದರು, ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೇ ಬಂದು ನಿಂತಿತು. ಹಾಗಾಗಿ ಸಂಜೆ ದೇವರ ಮುಂದೆ ಭಜನೆ ಹೇಳುವ ಮನೆಗಳಲ್ಲಿ, ಜಪಮಾಲೆ ಹಿಡಿಯುವ ಮನೆಗಳಲ್ಲಿ ಈ ಅಭ್ಯಾಸಕ್ಕೆ ಜಾಗ ಆಗಲೇ ಇದೆ. ಗಡಿಬಿಡಿಯಲ್ಲಿ ಮುಗಿಸದೆ ಸ್ವಲ್ಪ ನಿಧಾನ ಮಾಡಿದರೆ ಆಯಿತು.

ಇದರ ಲಾಭ ಅಂದರೆ ಎಲ್ಲಿ ಬೇಕಾದರೂ ಮಾಡಬಹುದು. ರೈಲಿನಲ್ಲಿ ಕೂತು ಮಾಡಬಹುದು, ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲೂ ಮಾಡಬಹುದು (ನೀವೇ ಗಾಡಿ ಓಡಿಸುತ್ತಿದ್ದರೆ ಬೇಡ). ಮಿತಿ ಏನೆಂದರೆ, ಇದರಿಂದ ಸ್ನಾಯು ಬೆಳೆಯುವುದಿಲ್ಲ, ತೂಕ ಇಳಿಯುವುದಿಲ್ಲ, ಬಿಪಿ ಮಾತ್ರೆ ಬಿಡಲು ಇದು ಕಾರಣ ಆಗಬಾರದು. ಕಪಾಲಭಾತಿಯನ್ನು ಇದರ ಜೊತೆ ಕಲಸಬೇಡಿ. ಅದು ಜೋರು ಉಸಿರಿನ ಅಭ್ಯಾಸ, ಬಿಪಿ, ಹರ್ನಿಯಾ ಇದ್ದವರಿಗೆ, ಬಸುರಿಯರಿಗೆ ಸಲ್ಲದು.

ಮೊಬೈಲಿನ ‘ಏಳು ನಿಮಿಷದ ವ್ಯಾಯಾಮ’ದ ಬಗ್ಗೆ ತುಂಬಾ ಜನ ಕೇಳುತ್ತಾರೆ. 2013ರಲ್ಲಿ ಹೆಸರಾಯಿತು: ಹನ್ನೆರಡು ವ್ಯಾಯಾಮ, ಒಂದೊಂದು 30 ಸೆಕೆಂಡ್, ಮಧ್ಯೆ 10 ಸೆಕೆಂಡ್ ಬಿಡುವು. ಚೆನ್ನಾಗಿದೆ, ಆದರೆ ಸರಿಯಾಗಿ ಮಾಡಿದರೆ ಬಹಳ ಕಷ್ಟದ್ದು. ಇಪ್ಪತ್ತೈದರ ಹುಡುಗರು ಮಾಡಲಿ. ನಲವತ್ತು ದಾಟಿ ಈಗಷ್ಟೇ ಶುರು ಮಾಡುವವರಿಗೆ ನಾನು ಹೇಳುವುದಿಲ್ಲ. ಮತ್ತೆ ರಾತ್ರಿ ಏಳು ತಾಸು ನಿದ್ದೆ ಇಲ್ಲದವರು ಇದ್ಯಾವುದನ್ನೂ ಆರಿಸುವ ಮೊದಲು ಆ ಹತ್ತು ನಿಮಿಷವನ್ನು ನಿದ್ದೆಗೇ ಕೊಡಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗಿಡಿ.

ಆರಿಸಿದ್ದು ಉಳಿಯಬೇಕಾದರೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಹೊಸ ಕೆಲಸವೊಂದು ರೂಢಿಯಾಗಲು ಬೇಕಾಗಿದ್ದು ಸರಾಸರಿ 66 ದಿನ, ಆದರೆ ಒಬ್ಬರಿಗೆ 18, ಇನ್ನೊಬ್ಬರಿಗೆ 254ರ ಅಂದಾಜು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಏನೂ ಹಾಳಾಗಲಿಲ್ಲ. ಅದರಲ್ಲಿ ಎಲ್ಲರೂ ತಮ್ಮ ಅಭ್ಯಾಸವನ್ನು ದಿನಾ ಆಗುವ ಇನ್ನೊಂದು ಕೆಲಸಕ್ಕೆ ಕಟ್ಟಿಕೊಂಡಿದ್ದರು. ಗಡಿಯಾರಕ್ಕೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ. ‘ರಾತ್ರಿ ಒಂಬತ್ತಕ್ಕೆ ನಡೀತೇನೆ’ ಅಂದರೆ ನಿಲ್ಲುವುದಿಲ್ಲ, ‘ಊಟದ ಕೈ ತೊಳೆದ ಕೂಡಲೇ ಚಪ್ಪಲಿ ಹಾಕುತ್ತೇನೆ’ ಅಂದರೆ ನಿಲ್ಲುತ್ತದೆ. ಶಿಫ್ಟಿನವರಿಗಂತೂ ಬೇರೆ ದಾರಿಯೇ ಇಲ್ಲ, ಅವರ ಒಂಬತ್ತು ಗಂಟೆ ಒಂದೊಂದು ವಾರ ಒಂದೊಂದು ಕಡೆ ಇರುತ್ತದೆ.

66 ದಿನ ಅಂದರೆ ಎರಡು ತಿಂಗಳ ಮೇಲಾಯಿತು. ಹೊರಗಿನ ನಡಿಗೆಯನ್ನು ಏಪ್ರಿಲ್ ಮಧ್ಯದಲ್ಲಿ ಶುರು ಮಾಡಿದರೆ ರೂಢಿ ಗಟ್ಟಿಯಾಗುವ ಮೊದಲೇ ಮಳೆ ಹಿಡಿಯುತ್ತದೆ. ಅಕ್ಟೋಬರಿನಲ್ಲಿ ಶುರು ಮಾಡಿದರೆ ಎಂಟು ತಿಂಗಳು ಸಿಗುತ್ತದೆ. ಮನೆಯೊಳಗಿನದ್ದಕ್ಕೆ ಇವತ್ತೇ ಒಳ್ಳೆಯ ದಿನ.

ಇನ್ನೊಂದು ವಿಷಯವನ್ನು ಗಂಡಸರಿಗೆ ನೇರವಾಗಿ ಹೇಳುತ್ತೇನೆ. ರಾತ್ರಿ ಊಟ ಆದ ಮೇಲೆ ನೀವು ವಾಕಿಂಗ್ ಹೊರಟಾಗ ಪಾತ್ರೆ ತೊಳೆಯುತ್ತಾ ನಿಂತವರು ಯಾರು? ಅವರಿಗೂ ಸಕ್ಕರೆ ಬರುತ್ತದೆ, ಅವರ ಮೂಳೆಯೂ ಸವೆಯುತ್ತದೆ. ಪಾತ್ರೆ ನೆನೆಹಾಕಿಟ್ಟು ಇಬ್ಬರೂ ಹೋಗಿ ಬನ್ನಿ, ಬಂದ ಮೇಲೆ ಇಬ್ಬರೂ ತೊಳೆಯಿರಿ. ಮನೆಯ ಹೆಂಗಸರಿಗೆ ಹತ್ತು ನಿಮಿಷ ಸಿಗುವುದು ಯಾವಾಗಲೂ ಬೇರೆ ಯಾರೋ ಆ ಹತ್ತು ನಿಮಿಷದ ಕೆಲಸ ಮಾಡಿದಾಗಲೇ.

ಎರಡಕ್ಕೆ ಜಾಗ ಇದೆ ಅನ್ನುವವರಿಗೆ ನನ್ನ ಆಯ್ಕೆ: ದಿನಾ ರಾತ್ರಿ ಊಟದ ಮೇಲೆ ನಡಿಗೆ, ವಾರದಲ್ಲಿ ಎರಡು ದಿನ ಬಸ್ಕಿ ಮತ್ತು ಗೋಡೆ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಇರುವವರಿಗೆ ತಾಸಿಗೊಮ್ಮೆ ಎದ್ದು ಸೊಂಟಕ್ಕೆ ಕೈ ಇಟ್ಟು ಹಿಂದೆ ಬಾಗುವುದು, ಮಲಗುವ ಮುಂಚೆ ಐದು ನಿಮಿಷ ಉಸಿರಾಟ.

ನಡೆಯುವಾಗ ಎದೆ ಹಿಡಿದ ಹಾಗಾದರೆ, ದವಡೆಗೋ ಎಡಗೈಗೋ ನೋವು ಇಳಿದರೆ ಅಲ್ಲೇ ನಿಲ್ಲಿಸಿ, ಗ್ಯಾಸ್ ಅಂತ ಸುಮ್ಮನಾಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ತೆಗೆದುಕೊಳ್ಳುವವರು ಹೊಸದಾಗಿ ನಡಿಗೆ ಶುರು ಮಾಡುವ ಮೊದಲು ಡಾಕ್ಟರಿಗೆ ತಿಳಿಸಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇಟ್ಟುಕೊಂಡೇ ಹೊರಡಿ. ಕೈ ನಡುಗಿ ತಣ್ಣನೆ ಬೆವರು ಬಂದರೆ ಕೂತು ಅದನ್ನು ಬಾಯಿಗೆ ಹಾಕಿಕೊಳ್ಳಿ.